ಡಾಲ್ಡಾ ಡಬ್ಬಿಯಲ್ಲಿ ಗುಲಾಬಿ

ವಿಜಯನಗರವನ್ನು ಕಂಡು ಬರೆದಿಟ್ಟ ವಿದೇಶಿಯರಲ್ಲಿ ಅಬ್ದುರ್ರಜಾಕ್‌ನ ಹೆಸರು ಮುಖ್ಯವಾದದ್ದು. ಹೆರಾತಿನವನು, ತೈಮೂರನ ಮಗ ಶಾರುಖ್‌ನ ರಾಯಭಾರಿ. 1443ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಈತನ ಪಾರಸಿ ಗ್ರಂಥ ‘ಮತ್ಲಾ-ಉಸ್-ಸಾದೈನ್’ನಿಂದ ನಮ್ಮ ಪಠ್ಯಪುಸ್ತಕಗಳು ಎತ್ತಿಕೊಳ್ಳುವುದು ಏಳು ಸುತ್ತಿನ ಕೋಟೆಯನ್ನು ಮತ್ತು ಬೀದಿಯಲ್ಲಿ ಮುತ್ತು ರತ್ನ ಮಾರುತ್ತಿದ್ದ ಸಂಗತಿಯನ್ನು. ಅದೇ ಪುಟಗಳಲ್ಲಿ ಆತ ಇನ್ನೊಂದು ಮಾತನ್ನೂ ಹೇಳಿದ್ದಾನೆ. ಈ ಊರಿನಲ್ಲಿ ಎಲ್ಲಿ ನೋಡಿದರೂ ಗುಲಾಬಿ ಮಾರುತ್ತಾರೆ, ಇಲ್ಲಿಯ ಜನರಿಗೆ ಅನ್ನ ಎಷ್ಟು ಅಗತ್ಯವೋ ಈ ಹೂವೂ ಅಷ್ಟೇ ಅಗತ್ಯ, ಅದಿಲ್ಲದೆ ಅವರು ಬದುಕಲಾರರು ಎಂಬ ಅರ್ಥದ ಮಾತು. ಗುಲಾಬಿ ತೋಟಗಳ ನಾಡಿನಿಂದ ಬಂದವನೇ ಬೆರಗಾಗಿ ಇದನ್ನು ಬರೆದಿದ್ದಾನೆ.

ಗುಲಾಬಿ ಎಂಬ ನಮ್ಮ ಪದವೂ ಅವನ ಭಾಷೆಯದೇ. ಗುಲ್ ಎಂದರೆ ಹೂ, ಆಬ್ ಎಂದರೆ ನೀರು, ಗುಲಾಬ್ ಎಂದರೆ ಪನ್ನೀರು. ಕನ್ನಡದವರು ಪನ್ನೀರಿನ ಹೆಸರನ್ನು ಹೂವಿಗೇ ಇಟ್ಟುಬಿಟ್ಟರು. ಅದಿರಲಿ. ಬಜಾರಿನಲ್ಲಿ ಕೊಂಡ ಆ ಹೂವು ಮನೆಗೆ ಹೋದ ಮೇಲೆ ಏನಾಯಿತು? ಕೆಲವು ದೇವರ ಮುಂದೆ, ಕೆಲವು ಹೆಂಗಸರ ಮುಡಿಗೆ. ಉಳಿದವು? ಬಾಗಿಲಿಗೆ ಕಟ್ಟಿದರೇ, ನೀರಿನ ಬಟ್ಟಲಲ್ಲಿ ಇಟ್ಟರೇ, ಗಿಡವನ್ನೇ ತಂದು ಮಣ್ಣಿನ ಕುಂಡದಲ್ಲಿ ನೆಟ್ಟುಕೊಂಡರೇ? ರಾಯಭಾರಿಗಳು ಪರರ ಮನೆಯ ಹಿತ್ತಿಲಿಗೆ ಹೋಗುವವರಲ್ಲ. ಆದ್ದರಿಂದ ಇತಿಹಾಸದ ಕಣ್ಣು ಸಾಮಾನ್ಯರ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ.

ಆದರೂ ಹೊಸ್ತಿಲಿನಾಚೆ ಇಣುಕಿ ನೋಡಿದ ಒಂದೆರಡು ಕಡೆಗಳಿವೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿಗಳ ಜೊತೆಗಾರ ಡೊಮಿಂಗೊ ಪಾಯಸ್ ಬೆಟ್ಟವೊಂದನ್ನು ಹತ್ತಿ ನಗರವನ್ನು ನೋಡಿದ. ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತು ಎಂದು ಬರೆದ. ಈ ರೋಮ್ ಹೋಲಿಕೆಯನ್ನು ನಾವು ಭಾಷಣಗಳಲ್ಲಿ ಸವೆಯುವಷ್ಟು ಬಳಸಿದ್ದೇವೆ. ಅದರ ಬೆನ್ನಿಗೇ ಬರುವ ವಿವರ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಊರಿನೊಳಗೇ ಮರಗಳ ತೋಪುಗಳಿವೆ, ಅವು ಮನೆಗಳ ತೋಟದಲ್ಲಿವೆ, ನಡುವೆ ನೀರಿನ ಕಾಲುವೆಗಳು ಹರಿಯುತ್ತವೆ ಎನ್ನುತ್ತಾನೆ ಆತ. ಅವನಿಗಿಂತ ಸ್ವಲ್ಪ ಮೊದಲು ಬರೆದ ಬಾರ್ಬೊಸಾ, ಸಾಮಾನ್ಯರ ಮನೆಗಳು ಹುಲ್ಲು ಹೊದಿಸಿದವು, ಆದರೆ ಚೆನ್ನಾಗಿ ಕಟ್ಟಿದವು, ಓರಣವಾಗಿ ಬೀದಿಯುದ್ದಕ್ಕೂ ನಿಂತವು ಎಂದು ಸೇರಿಸುತ್ತಾನೆ. ಬೆಟ್ಟದ ಮೇಲಿನಿಂದ ನೋಡಿದವನ ಕಣ್ಣಿಗೆ ಬಿದ್ದದ್ದು ಬರೀ ಕಲ್ಲು ಗೋಪುರಗಳಲ್ಲ. ಹುಲ್ಲಿನ ಸೂರುಗಳ ನಡುವೆ ಹಸಿರು ಕಂಡಿತು.

ಪಾಯಸ್‌ನಿಗೆ ಕೃಷ್ಣದೇವರಾಯನ ಅರಮನೆಯ ಕೆಲವು ಕೋಣೆಗಳನ್ನು ನೋಡುವ ಅವಕಾಶವೂ ಸಿಕ್ಕಿತ್ತು. ಒಂದು ಕೋಣೆ ಪೂರ್ತಿ ದಂತದ್ದು. ಗೋಡೆ ಮೇಲಿನಿಂದ ಕೆಳಗಿನವರೆಗೆ ದಂತ, ಕಂಬದ ಮೇಲಿನ ತೊಲೆಗಳಲ್ಲಿ ಗುಲಾಬಿ ಮತ್ತು ತಾವರೆಗಳು, ಅವೂ ದಂತದಲ್ಲಿ ಕೆತ್ತಿದವು. ಬೀದಿಯಲ್ಲಿ ಬಡವರು ಕೊಳ್ಳುತ್ತಿದ್ದ ಹೂವನ್ನೇ ರಾಜ ಬಾಡದಂತೆ ಮಾಡಿಸಿಕೊಂಡಿದ್ದ. 1565ರ ನಂತರ ಆ ದಂತದ ಒಂದು ಎಸಳೂ ನಮಗೆ ಉಳಿಯಲಿಲ್ಲ. ಅರಮನೆಗಳ ತಳಪಾಯ ಕಲ್ಲಿನದು, ಮೇಲಿನದೆಲ್ಲ ಮರ, ಇಟ್ಟಿಗೆ, ಗಾರೆ. ಬೆಂಕಿಗೆ ಸಿಕ್ಕಿದ್ದು ಬೆಂಕಿಗೆ, ಮಳೆಗೆ ಸಿಕ್ಕಿದ್ದು ಮಳೆಗೆ ಹೋಯಿತು. ಅರಮನೆಯ ಪಾಡೇ ಹೀಗಾದರೆ ಹುಲ್ಲಿನ ಮನೆಯ ಗೋಡೆಗೆ ಯಾರೋ ಕೆಮ್ಮಣ್ಣಿನಲ್ಲಿ ಬರೆದ ಬಳ್ಳಿಯ ಗತಿ ಏನು?

1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಹಂಪಿಯ ಬಂಡೆ ಬಂಡೆಯನ್ನೂ ನಕ್ಷೆಗಿಳಿಸಿದರು. ಕಾರ್ಲಾ ಸಿನೊಪೊಲಿ ಅಡುಗೆಮನೆಯ ಮಡಕೆ ಚೂರುಗಳನ್ನು ಆರಿಸಿ ಅಧ್ಯಯನ ಮಾಡಿದರು. ಅಗೆತದಲ್ಲಿ ಚೀನಾದ ಪಿಂಗಾಣಿ ಚೂರುಗಳೂ ಸಿಕ್ಕಿವೆ. ಇಷ್ಟೆಲ್ಲ ಆದರೂ ಒಂದು ಹೊದಿಕೆ, ಒಂದು ತೋರಣ, ಒಂದು ಚಾಪೆ ಸಿಗಲಿಲ್ಲ. ಸಿಗುವುದೂ ಇಲ್ಲ. ಆ ಕಾಲದ ಬಟ್ಟೆಯ ಬೆಡಗನ್ನು ನೋಡಬೇಕೆಂದರೆ ಲೇಪಾಕ್ಷಿಗೆ ಹೋಗಿ ಕತ್ತೆತ್ತಿ ಛಾವಣಿಯ ಚಿತ್ರಗಳನ್ನು ನೋಡಬೇಕು. ಗೆದ್ದವರ ಕಡೆಯ ಮನೆಯಲಂಕಾರ ನೋಡಬೇಕೆಂದರೆ ಬಿಜಾಪುರದ ಅಸಾರ್ ಮಹಲಿನ ಗೋಡೆಗಳಿವೆ. ಅಲ್ಲಿ ಚಿತ್ರಕಾರರು ಹೂದಾನಿಗಳನ್ನು ಬರೆದು ಹೂ ತುಂಬಿಸಿಟ್ಟಿದ್ದಾರೆ. ಹಂಪಿಯ ಗುಡಿಗಳ ಕಲ್ಲಿನಲ್ಲಿ ಬಳ್ಳಿ ಉಕ್ಕುವ ಪೂರ್ಣಕುಂಭ, ಬಿಜಾಪುರದ ಗೋಡೆಯಲ್ಲಿ ಹೂ ತುಂಬಿದ ಗುಲ್ದಾನ. ಯುದ್ಧ ಮಾಡಿದ ಎರಡೂ ಕಡೆಯವರಿಗೆ ಮನೆಯ ಗೋಡೆ ಖಾಲಿ ಇರುವುದು ಇಷ್ಟವಿರಲಿಲ್ಲ ಎಂದಷ್ಟೇ ಹೇಳುತ್ತೇನೆ. ಅಂದ ಹಾಗೆ, ಎರಡು ಕಡೆ ಎಂದು ಗೆರೆ ಎಳೆಯುವುದೂ ಅಷ್ಟು ಸುಲಭವಲ್ಲ. ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿದೆ. ಕಮಾನಿಲ್ಲದೆ ಕಂಬ ತೊಲೆಗಳಲ್ಲಿ ಕಟ್ಟಿದ ಅದು ದೂರದಿಂದ ಮಂಟಪದಂತೆಯೇ ಕಾಣುತ್ತದೆ. ರಾಜನ ಕಾವಲುಪಡೆಯಲ್ಲಿದ್ದ ಈ ನೆಲದ ಮುಸ್ಲಿಮರ ಕೇರಿ ನಗರದ ಅಂಚಿನಲ್ಲಿತ್ತು ಎಂದು ಪಾಯಸ್ ಹೇಳುತ್ತಾನೆ. ಆ ಕೇರಿಯ ಅಂಗಳದಲ್ಲಿ ಮದರಂಗಿ ಗಿಡ ಇತ್ತೇ ಎಂದು ಕೇಳುವ ಬುದ್ಧಿ ಆತನಿಗೆ ಬರಲಿಲ್ಲ.

ಕಲ್ಲು ಹಾಳಾದರೂ ನೀರು ನಿಲ್ಲಲಿಲ್ಲ. ವಿಜಯನಗರದ ಕಾಲದ ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತು ಕಾಲುವೆಗಳು ಇಂದಿಗೂ ಹೊಸಪೇಟೆ, ಹಂಪಿ ಸುತ್ತಿನ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತವೆ. ಪಾಯಸ್ ಕಂಡ ನಗರ ಹೋಯಿತು, ಅವನು ಕಂಡ ಹಸಿರು ಉಳಿಯಿತು. ಕಂಪ್ಲಿ ಕಡೆಯ ಭತ್ತದ ಗದ್ದೆಯ ಊರುಗಳಲ್ಲಿ ಸುಗ್ಗಿಯಾದ ಮೇಲೆ ಮಾಗಿದ ತೆನೆಗಳನ್ನು ಜಡೆಯಂತೆ ಹೆಣೆದು ಪಡಸಾಲೆಯ ತೊಲೆಗೆ ತೂಗುಹಾಕುವುದುಂಟು. ನೋಡಲು ಚಂದ, ಗುಬ್ಬಿಗಳಿಗೆ ಊಟ. ಇಂಥದನ್ನು ಮಾಡುವವರು ಅದನ್ನು ಕಲೆ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಮನೆ ಬಾಗಿಲಿಗೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟುವುದೂ ಹಾಗೆಯೇ. ದೃಷ್ಟಿ ತಾಗದಿರಲಿ ಎಂದು ಕಟ್ಟುತ್ತಾರೆ. ಮಣ್ಣಿಲ್ಲ, ನೀರಿಲ್ಲ, ಬಳ್ಳಾರಿ ಸೀಮೆಯ ಬಿಸಿಲಲ್ಲಿ ಗಿಡ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ದಪ್ಪ ಎಲೆಯೊಳಗೆ ನೀರು ಕೂಡಿಟ್ಟು, ಹಗಲು ರಂಧ್ರ ಮುಚ್ಚಿ ರಾತ್ರಿ ತೆರೆಯುವ ಗಿಡ ಅದು. ಪಟ್ಟಣದ ಬಾಲ್ಕನಿಯಲ್ಲಿ ಕುಂಡ ತೂಗುಹಾಕುವುದನ್ನು ಹೊಸ ಫ್ಯಾಷನ್ ಎನ್ನುವವರು ಒಮ್ಮೆ ಹೊಸಪೇಟೆಯ ಹಳೆಯ ಓಣಿಗಳಲ್ಲಿ ಕತ್ತೆತ್ತಿ ನಡೆಯಲಿ.

ಹಳೆಯದು ಎಂದು ನಾವು ನಂಬಿದ್ದರಲ್ಲೂ ಹೊಸದು ಬಹಳ ಇದೆ. ದಸರೆಗೆ ಹೊಸಪೇಟೆಯ ಪ್ರತಿ ಅಂಗಡಿ, ಲಾರಿ, ಮನೆ ಬಾಗಿಲಿಗೂ ಚೆಂಡುಹೂವಿನ ಮಾಲೆ ಬೀಳುತ್ತದೆ. ಈ ಹೂವಿನ ತವರು ಮೆಕ್ಸಿಕೊ. ಪೋರ್ಚುಗೀಸರ ಹಡಗಿನ ಕಾಲದಲ್ಲಿ, ಮೆಣಸಿನಕಾಯಿಯ ಹಾಗೆ, ಈ ಕಡೆ ಬಂದದ್ದು. ಅಂದರೆ ಅಬ್ದುರ್ರಜಾಕ್ ಮಹಾನವಮಿಯ ವೈಭವವನ್ನು ಬಣ್ಣಿಸುವಾಗ ಚೆಂಡುಹೂ ಇಲ್ಲಿ ಇರಲೇ ಇಲ್ಲ. ಕಾಂಪೌಂಡಿನ ಮೇಲೆ ಹಬ್ಬುವ ಕಾಗದದ ಹೂವು ಬ್ರೆಜಿಲ್ಲಿನದು. ಹಾರ್ಲಿಕ್ಸ್ ಬಾಟಲಿಯ ನೀರಿನಲ್ಲಿ ಬೇರು ಬಿಟ್ಟು ಕಿಟಕಿ ಸರಳಿಗೆ ಸುತ್ತಿಕೊಳ್ಳುವ ಮನಿಪ್ಲಾಂಟ್ ಪೆಸಿಫಿಕ್ ಸಾಗರದ ಮೊರಿಯಾ ಎಂಬ ದ್ವೀಪದ್ದು. ಕದ್ದು ತಂದರೆ ಮಾತ್ರ ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆ ಅದಕ್ಕೆ ಅಂಟಿಕೊಂಡದ್ದು ಇಲ್ಲಿಗೆ ಬಂದ ಮೇಲೆಯೇ ಇರಬೇಕು. ನಮ್ಮ ಮನೆಯ ದಖನಿ ಮಾತಿನ ‘ಗಮ್ಲಾ’ ಕೂಡ ಪೋರ್ಚುಗೀಸರ ‘ಗಮೆಲಾ’ದಿಂದ ಬಂದದ್ದು ಎನ್ನುತ್ತಾರೆ. ಮೆಕ್ಸಿಕೊದ ಹೂವು, ಪೋರ್ಚುಗೀಸ್ ಹೆಸರಿನ ಕುಂಡ, ವಿಜಯನಗರದ ಕಾಲುವೆಯ ನೀರು. ಪರದೇಶದ್ದು ಯಾವುದು, ಸ್ವದೇಶದ್ದು ಯಾವುದು ಎಂದು ಬೀದಿಯಲ್ಲಿ ಜಗಳವಾಡುವವರಿಗೆ ಮನೆ ಮುಂದಿನ ಗಿಡಗಳು ಏನೂ ಹೇಳುವುದಿಲ್ಲ, ಸುಮ್ಮನೆ ಬೆಳೆದಿರುತ್ತವೆ.

ಕುಂಡದ ವಿಷಯಕ್ಕೆ ಬಂದರೆ, ನನ್ನ ವಯಸ್ಸಿನವರಿಗೆ ಕುಂಡವೆಂದರೆ ಡಾಲ್ಡಾ ಡಬ್ಬಿಯೇ. 1937ರಲ್ಲಿ ಈ ವನಸ್ಪತಿ ಮಾರುಕಟ್ಟೆಗೆ ಬಂದಿತು. ಹಳದಿ ಡಬ್ಬಿ, ಮೇಲೆ ಹಸಿರು ತಾಳೆಮರ. ಡಾಲ್ಡಾ ಮುಗಿಯುವುದನ್ನು ಹೆಂಗಸರು ಕಾಯುತ್ತಿದ್ದರು. ತಳಕ್ಕೆ ಮೊಳೆಯಿಂದ ಮೂರು ತೂತು, ಅರ್ಧದಷ್ಟು ಕೆಮ್ಮಣ್ಣು, ಮೇಲೆ ಗೊಬ್ಬರ, ನೆರೆಮನೆಯಿಂದ ತಂದ ಗುಲಾಬಿ ಕಡ್ಡಿ. ಸೋರುವ ಕೊಡ, ಒಡೆದ ಹೂಜಿ, ತೂತಾದ ಬಕೆಟ್ಟು, ಎಲ್ಲಕ್ಕೂ ಹಿತ್ತಿಲಲ್ಲಿ ಎರಡನೆಯ ಜನ್ಮವಿತ್ತು. ಹಬ್ಬ ಬಂದರೆ ಡಬ್ಬಿಗಳಿಗೂ ಸುಣ್ಣ. ಪೀರಲ ಹಬ್ಬಕ್ಕೆ ನೀಲಿ ಬೆರೆಸಿದ ಸುಣ್ಣ ಬಳಿಯುವಾಗ ಗೋಡೆಯಲ್ಲಿ ಉಳಿದದ್ದು ಡಬ್ಬಿಗೆ ಹೋಗುತ್ತಿತ್ತು. ಪಕ್ಕದ ಮನೆಯವರ ಡಬ್ಬಿಗಳು ಉಗಾದಿಗೆ ಕೆಮ್ಮಣ್ಣಿನ ಬಣ್ಣ ಪಡೆಯುತ್ತಿದ್ದವು. ಕಡ್ಡಿ ಮಾತ್ರ ಎರಡೂ ಮನೆಯಲ್ಲಿ ಒಂದೇ ತಾಯಿಗಿಡದ್ದು.

ಮನೆಯೊಳಗಿನ ಶೃಂಗಾರದಲ್ಲಿ ಸೂಜಿಯದೇ ಮೇಲುಗೈ. ಕನ್ನಡದವರ ಕೌದಿ, ದಖನಿ ಮಾತಿನವರ ಗುದಡಿ, ಎರಡೂ ಒಂದೇ ವಸ್ತು. ಹಳೆಯ ಸೀರೆ, ಲುಂಗಿ, ಹರಿದ ಅಂಗಿಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಶುರುಮಾಡಿ ಒಳಸುತ್ತಾಗಿ ಉದ್ದನೆಯ ಹೊಲಿಗೆ ಹಾಕುತ್ತ ನಡುವಿಗೆ ಬರುವುದು. ಸೂಫಿಗಳು ತೊಡುತ್ತಿದ್ದ ತೇಪೆಯ ನಿಲುವಂಗಿಗೂ ಗುದಡಿ ಎಂದೇ ಹೆಸರು, ಅಲ್ಲಿ ಅದು ವೈರಾಗ್ಯದ ಗುರುತು. ಮನೆಯಲ್ಲಿ ಅದು ಬಡತನದ ಗುರುತಾಗಿತ್ತು, ಆದರೆ ಬಣ್ಣಗಳನ್ನು ಹೊಂದಿಸುವ ಹೆಂಗಸಿನ ಕಣ್ಣು ಬಡವಾಗಿರಲಿಲ್ಲ. ಉತ್ತರ ಕನ್ನಡದ ಸಿದ್ದಿಯರು ತಮ್ಮ ಕವಂದಿಯ ನಾಲ್ಕು ಮೂಲೆಗೆ ‘ಫುಲಾ’ ಎಂಬ ಬಟ್ಟೆಯ ಹೂಗಳನ್ನು ಹೊಲಿಯುತ್ತಾರೆ, ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. 2019ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟು ಕಂಪ್ಲಿಯ ಸೇತುವೆ ಮುಳುಗಿತು. ನದಿ ಏರಿದಾಗ ದಡದ ಮನೆಗಳವರು ಎತ್ತರಕ್ಕೆ ಹೊತ್ತೊಯ್ಯುವ ಗಂಟುಗಳಿಗೆ ಹೊರಕಟ್ಟು ಈ ಕೌದಿಯೇ. ಮನೆಯಲ್ಲಿದ್ದಾಗ ಹಾಸಿಗೆ, ಮನೆ ಬಿಡುವಾಗ ಚೀಲ.

ಮುಸ್ಲಿಂ ಮನೆಯ ಹುಡುಗಿಯರಿಗೆ ಸೂಜಿ ಇನ್ನೊಂದು ದಾರಿಯಿಂದಲೂ ಬಂತು. 1898ರಲ್ಲಿ ಲಾಹೋರಿನಿಂದ ‘ತಹಜೀಬೆ ನಿಸ್ವಾನ್’, 1908ರಲ್ಲಿ ದೆಹಲಿಯಿಂದ ‘ಇಸ್ಮತ್’ ಶುರುವಾದವು. ಉರ್ದು ಬಲ್ಲ ಹೆಂಗಸರಿಗೆ ಓದಿನ ಜೊತೆ ಮನೆವಾರ್ತೆಯನ್ನೂ ಹೇಳಿಕೊಟ್ಟ ಪತ್ರಿಕೆಗಳಿವು. ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳಿಸುತ್ತಿದ್ದ ‘ಬೆಹಿಷ್ತಿ ಜೇವರ್’ನಲ್ಲಿ ನಮಾಜು ರೋಜಾಗಳ ವಿಧಿಗಳ ನಂತರ ಸಾಬೂನು, ಶಾಯಿ, ಬಟ್ಟೆಯ ಬಣ್ಣ ತಯಾರಿಸುವ ಕ್ರಮಗಳೂ ಇವೆ. ಕೈಕಸುಬು ಗೊತ್ತಿರುವ ಹೆಣ್ಣು ಯಾರ ಮುಂದೆಯೂ ಕೈಚಾಚಬೇಕಿಲ್ಲ ಎಂಬ ಎಣಿಕೆ. ಹಾಗಾಗಿ ಕುರ್‌ಆನಿನ ಜುಜ್‌ದಾನಿಗೆ ಜರಿ ಅಂಚು, ರೇಡಿಯೋ ಮೇಲೆ ಕ್ರೋಶಾ ಹೊದಿಕೆ, ಗೋಡೆಗೆ ಮಣಿ ಪೋಣಿಸಿ ಬರೆದ ಬಿಸ್ಮಿಲ್ಲಾದ ಚೌಕಟ್ಟು ಬಂದವು. ದಿಂಬಿನ ಗಲೀಫಿನಲ್ಲಿ ಎರಡು ಗುಲಾಬಿ, ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಗುಡ್ ನೈಟ್’. ಇಂಗ್ಲಿಷ್ ಓದಲು ಬಾರದ ಕೈಗಳು ಆ ಅಕ್ಷರಗಳನ್ನು ಹೂವಿನಂತೆಯೇ ನೋಡಿ ಹೊಲಿದಿದ್ದವು. ಹಿಂದೂ ಮನೆಗಳ ದಿಂಬುಗಳಲ್ಲೂ ಇದೇ ಗುಡ್ ನೈಟ್ ಇತ್ತು. ಬೆರಳಲ್ಲಿ ಸೂಜಿ ಚುಚ್ಚಿಸಿಕೊಳ್ಳುತ್ತ ಕಳೆದ ಆ ಮಧ್ಯಾಹ್ನಗಳನ್ನು ಕಲೆಯ ಸಂಭ್ರಮ ಎಂದಷ್ಟೇ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಶಾಲೆ ಬಿಡಿಸಿದ ಹುಡುಗಿಯರಿಗೆ ಹೊತ್ತು ಕಳೆಯಲು ಕೊಟ್ಟ ಕೆಲಸವೂ ಅದಾಗಿತ್ತು. ಮದುವೆಗೆ ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಗಿಂತ ಮೊದಲು ಅವಳ ಕಸೂತಿ ಹರಡಿಕೊಳ್ಳುತ್ತಿತ್ತು.

ಸಂಡೂರಿನ ಲಂಬಾಣಿ ಹೆಂಗಸರ ಕಥೆ ಬೇರೆ. ಅವರಿಗೆ ಅಲಂಕರಿಸಲು ನಿಂತ ಮನೆಯೇ ಇರಲಿಲ್ಲ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಮೊಗಲರ, ದಖನಿನ ಸುಲ್ತಾನರ ಸೈನ್ಯಗಳ ಹಿಂದೆ ಮುಂದೆ ನಡೆದ ಜನ. ಚಿತ್ತಾರವೆಲ್ಲ ಮೈಮೇಲಿನ ಪೇಟಿಯಾ, ಕಾಂಚಳಿಗಳಲ್ಲಿ, ಚೀಲಗಳಲ್ಲಿ, ಎತ್ತಿನ ಜೂಲಿನಲ್ಲಿ. ನಡೆಯುವವರ ಗೋಡೆ ಎಂದರೆ ಬಟ್ಟೆ. ರೈಲು ಬಂದು ಎತ್ತಿನ ಸಾಗಣೆ ಮುಗಿಯಿತು. 1871ರಲ್ಲಿ ಶುರುವಾಗಿ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ವ್ಯಾಪಿಸಿದ ಅಪರಾಧಿ ಬುಡಕಟ್ಟು ಕಾಯ್ದೆ ಅಲೆಮಾರಿಗಳೆಲ್ಲರ ಮೇಲೆ ಸಂಶಯದ ಮುದ್ರೆ ಒತ್ತಿತು. 1952ರಲ್ಲಿ ಆ ಕಾಯ್ದೆ ರದ್ದಾಗುವ ಹೊತ್ತಿಗೆ ತಾಂಡಾಗಳಲ್ಲಿ ನೆಲೆನಿಂತವರಿಗೆ ಕೂಲಿಯೇ ಗತಿಯಾಗಿತ್ತು. ಘೋರ್ಪಡೆಯವರ ಸಂಸ್ಥಾನವಾಗಿದ್ದ ಸಂಡೂರು 1949ರಲ್ಲಿ ಮದ್ರಾಸಿಗೆ, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಸೇರಿತು. ಗುಡ್ಡದ ಮ್ಯಾಂಗನೀಸ್, ಕಬ್ಬಿಣದ ಅದಿರಿಗೆ ಬೇಡಿಕೆ ಬಂತು. ಅದಿರು ಆರಿಸುವ ಕೈಗಳಲ್ಲಿ ಲಂಬಾಣಿ ಹೆಂಗಸರ ಕೈಗಳೂ ಇದ್ದವು.

1980ರ ದಶಕದಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ಈ ಹೆಂಗಸರಿಗೆ ಹೊಲಿಗೆಯನ್ನು ಕೂಲಿಯಾಗಿ ಮಾಡಿಕೊಟ್ಟಿತು. ಮೈಮೇಲಿನ ಕಸೂತಿ ಆಗ ಗೋಡೆಗೆ ಏರಿತು. ಪೇಟಿಯಾದ ಅಂಚು ದಿಂಬಿನ ಚೀಲವಾಯಿತು, ಕಾಂಚಳಿಯ ಕನ್ನಡಿ ಗೋಡೆಯ ತೂಗುಪಟವಾಯಿತು, ಕವಡೆಗಳು ಬಾಗಿಲ ತೋರಣಕ್ಕೆ ಬಂದವು. ಕೊಳ್ಳುವವರ ಸೋಫಾ ಬಣ್ಣಕ್ಕೆ ಹೊಂದಲಿ ಎಂದು ಕೆಂಪು ತುಸು ಮಂಕಾಗಿ ಸಹಜ ಬಣ್ಣಗಳೂ ಸೇರಿದವು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಇದನ್ನು ಪರಂಪರೆಯ ನಾಶ ಎಂದು ಮರುಗುವ ಗೆಳೆಯರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದಿರಿನ ಧೂಳು ಕುಡಿಯುತ್ತ ಬುಟ್ಟಿ ಹೊರುವುದಕ್ಕಿಂತ ನೆರಳಲ್ಲಿ ಕುಳಿತು ಹೊಲಿಯುವುದು ಮೇಲು ಎಂದು ಆ ಹೆಂಗಸರಿಗೆ ಅನ್ನಿಸಿದ್ದರೆ, ಪರಂಪರೆಯ ಲೆಕ್ಕ ಅವರ ಹತ್ತಿರವೇ ಇರಲಿ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ತಾಂಡಾದ ಹೊಸ ಹುಡುಗಿ ಸೀರೆ, ಚೂಡಿದಾರ ತೊಡುತ್ತಾಳೆ. ಅವಳು ಹೊಲಿದ ಕಸೂತಿ ಬೆಂಗಳೂರಿನ, ಪರದೇಶದ ಬೈಠಕ್‌ಖಾನೆಗಳಲ್ಲಿ ತೂಗುತ್ತದೆ, ಅವಳ ಮನೆಯ ಗೋಡೆಯಲ್ಲಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇರುತ್ತದೆ. 2023ರ ಜುಲೈನಲ್ಲಿ ಜಿ-20ರ ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ತಯಾರಿಸಿದ 1755 ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು.

ನದಿಯಾಚೆ ಆನೆಗೊಂದಿಯಲ್ಲೂ ಇಂಥದೇ ಒಂದು ಪ್ರಯತ್ನ ನಡೆದಿದೆ. ಗೊನೆ ಕಡಿದ ಮೇಲೆ ಬಾಳೆಯ ದಿಂಡು ತೋಟದ ಕಸ. ಕಿಷ್ಕಿಂಧ ಟ್ರಸ್ಟ್ 1990ರ ದಶಕದ ಕೊನೆಯಿಂದ ಅಲ್ಲಿಯ ಹೆಂಗಸರಿಗೆ ದಿಂಡಿನ ಪಟ್ಟೆಗಳನ್ನು ಸುಲಿದು, ಒಣಗಿಸಿ, ಹುರಿಮಾಡಿ ಚಾಪೆ, ಬುಟ್ಟಿ, ಚೀಲ ಹೆಣೆಯುವುದನ್ನು ಕಲಿಸಿತು. ಹೂವಾಡಿಗರು ಮಾಲೆ ಕಟ್ಟಲು ಬಳಸುವ ಅದೇ ಬಾಳೆನಾರು. ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತಾರಲ್ಲ, ಇಲ್ಲಿ ನಾರು ಹೂವಿನ ಹಂಗಿಲ್ಲದೆ ಹೊರಟಿದೆ.

ಇನ್ನು ಹಂಪಿ ಬಜಾರಿನ ಮಾತು. ವಿರೂಪಾಕ್ಷ ಗುಡಿಯ ಮುಂದಿನ ಸಾಲು ಮಂಟಪಗಳಲ್ಲಿ ನೂರಾರು ಕುಟುಂಬಗಳು ಎಷ್ಟೋ ವರ್ಷಗಳಿಂದ ಬದುಕಿದ್ದವು. ಕಂಬಗಳ ನಡುವೆ ಗೋಡೆ ಎಬ್ಬಿಸಿ, ಸುಣ್ಣ ಬಳಿದು, ಬಾಗಿಲು ಇಟ್ಟು, ಮುಂದೆ ತುಳಸಿ ಕಟ್ಟೆ, ಪಕ್ಕದಲ್ಲಿ ದಾಸವಾಳ ಬೆಳೆಸಿಕೊಂಡಿದ್ದರು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. 2011ರ ಜುಲೈ ಕೊನೆಯಲ್ಲಿ, ಒತ್ತುವರಿ ಎಂದು ಗುರುತಿಸಿದ ಮನೆ ಅಂಗಡಿಗಳ ಮೇಲೆ ಜೆಸಿಬಿಗಳು ಬಂದವು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಅದಿರು ಗಣಿಗಾರಿಕೆಗೆ ತಡೆ ಹಾಕಿತ್ತು. ಪತ್ರಿಕೆಗಳ ಮುಖಪುಟಗಳಲ್ಲಿ ಗಣಿಯ ಸುದ್ದಿಯೇ ತುಂಬಿಕೊಂಡಿತ್ತು.

ಸ್ಮಾರಕಗಳನ್ನು ಕಾಪಾಡಬಾರದು ಎಂದು ಯಾರೂ ಹೇಳುವುದಿಲ್ಲ. ಮಂಟಪದ ಕಂಬಕ್ಕೆ ಮೊಳೆ ಹೊಡೆದದ್ದು, ಸಿಮೆಂಟು ಮೆತ್ತಿದ್ದು ನಿಜ. ಆದರೆ ಆ ಬೀದಿ ಯಾವುದಕ್ಕಾಗಿ ಇತ್ತು ಎಂಬುದನ್ನು ಪಾಯಸ್‌ನನ್ನೇ ಕೇಳಬಹುದು. ಗುಡಿಯ ಮುಂದೆ ಬಹಳ ಸುಂದರವಾದ ಮನೆಗಳ ಬೀದಿ, ಮೊಗಸಾಲೆಗಳು, ಯಾತ್ರಿಕರು ಉಳಿಯುವ ಜಾಗ, ಸ್ಥಿತಿವಂತರಿಗೆ ಬೇರೆ ಬಿಡಾರಗಳು ಎಂದು 1520ರ ಸುಮಾರಿನಲ್ಲೇ ಆತ ಬರೆದಿದ್ದಾನೆ. ಪರಂಪರೆಯ ಪಟ್ಟಿಯಲ್ಲಿ ಕಂಬಕ್ಕೆ ಜಾಗ ಸಿಕ್ಕಿತು. ಕಂಬದ ಕೆಳಗೆ ಒಲೆ ಹಚ್ಚಿ, ಹೊಸ್ತಿಲಿಗೆ ರಂಗೋಲಿ ಹಾಕಿ, ಗಿಡಕ್ಕೆ ನೀರೆರೆದವರಿಗೆ ಸಿಗಲಿಲ್ಲ. ಆ ಕೆಲಸವೂ ಅದೇ ಬೀದಿಯಷ್ಟು ಹಳೆಯದು ಎಂದು ವಾದಿಸುವವರು ದೊಡ್ಡ ಕಚೇರಿಗಳಲ್ಲಿ ಕಡಿಮೆ.

ಬಜಾರಿನವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಅಲ್ಲಿ ಗುಮ್ಮಟವಿರುವ ಎರಡು ಹಳೆಯ ಗೋರಿಗಳಿವೆ, ಒಳಗೆ ಮಲಗಿರುವವರ ಹೆಸರು ಹೇಳುವ ಶಾಸನವಿಲ್ಲ. ತುಳಸಿ ಕಟ್ಟೆಯನ್ನು ಕಿತ್ತು ಒಯ್ಯಲಾಗುವುದಿಲ್ಲ, ನೆಲದಲ್ಲಿ ಬೇರೂರಿದ ದಾಸವಾಳವನ್ನೂ ಅಷ್ಟೆ. ಡಬ್ಬಿಯಲ್ಲಿರುವ ಗಿಡವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡಬಹುದು. ದಾಸವಾಳದ ಒಂದು ಗೇಣು ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರೆ ಸಾಕು, ಹೊಸ ಮಣ್ಣಿನಲ್ಲಿ ಕೆಲವು ವಾರಗಳಲ್ಲಿ ಚಿಗುರುತ್ತದೆ.